ಮುಳ್ಳುಹಂದಿಯ ಮದುವೆಗೆ ಅಕ್ಕಿಕಾಳು

ಮಾಸ್ತರನಾದವನಿಗೆ ಎಲ್ಲದರ ಬಗ್ಗೆಯೂ ಒಂದು ಅಭಿಪ್ರಾಯವಿರಬೇಕೆಂದು ಊರು ಬಯಸುತ್ತದೆಯೋ, ಮಾಸ್ತರನೇ ಹಾಗೆ ತಿಳಿದುಕೊಂಡಿರುತ್ತಾನೋ, ಹೇಳುವುದು ಕಷ್ಟ. ಯುದ್ಧದ ಕಾಲದಲ್ಲಿ ಗೋಕಾಕಿಗೆ ಟೆಂಟ್ ಸಿನಿಮಾ ಬಂದು, ಕೈಯಿಂದ ಬರೆದ ಚಿತ್ರಗಳೇ ಕುಣಿದಾಡುವ ಆಟವನ್ನು ತೋರಿಸಿದಾಗ ನನಗೂ ಅಭಿಪ್ರಾಯ ಬಂತು. ಕಥೆ ಇಷ್ಟೇ. ಒಂದು ಮುಳ್ಳುಹಂದಿಗೆ ಹೆಣ್ಣು ಸಿಗುವುದಿಲ್ಲ. ನೋಡಲು ಬಂದವರೆಲ್ಲ ಚುಚ್ಚಿಸಿಕೊಂಡು ಓಡುತ್ತಾರೆ. ಕೊನೆಗೆ ಒಂದು ಆಮೆ ಬಂದು ಅದರ ಬೆನ್ನಿಗೆ ತನ್ನ ಬೆನ್ನು ಹಚ್ಚಿ ಕೂರುತ್ತದೆ. ಚಿಪ್ಪಿಗೆ ಮುಳ್ಳು ಚುಚ್ಚುವುದಾದರೂ ಹೇಗೆ? ಹಕ್ಕಿಗಳು ಹಾಡುತ್ತವೆ, ಮದುವೆಯಾಗುತ್ತದೆ, ಶುಭಂ. ಇದು ಸೃಷ್ಟಿನಿಯಮಕ್ಕೆ ವಿರುದ್ಧ, ಇಂಥ ಕೊನೆಯಿಂದ ಮಕ್ಕಳ ಬುದ್ಧಿ ಕೆಡುತ್ತದೆ ಎಂದು ನಾನು ಹೆಡ್ಮಾಸ್ತರರ ಮುಂದೆ ಭಾಷಣ ಬಿಗಿದೆ. ಸಿನಿಮಾ ನೋಡದ ಅವರು ಪೂರ್ಣವಾಗಿ ಒಪ್ಪಿದರು. ನಾನದನ್ನು ದಿನಾ ನೋಡುತ್ತಿದ್ದೇನೆಂಬುದನ್ನು ಅವರಿಗೆ ತಿಳಿಸುವ ಅಗತ್ಯ ಕಾಣಲಿಲ್ಲ.

ದಿನಾ ಹೋಗಲು ನೆಪ ನೀಲವ್ವ ಅತ್ತೆ. ನನ್ನ ತಂದೆಯ ತಂಗಿ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಕೌಜಲಗಿಯಿಂದ ನಮ್ಮ ಮನೆಗೆ ಬಂದವಳು. ಮುಳ್ಳುಹಂದಿಯ ಮದುವೆಯ ಹೊತ್ತಿಗೆ ಅವಳು ಸೆರಗಿನ ಗಂಟು ಬಿಚ್ಚಿ, ಎದ್ದು ನಿಂತು, ಪರದೆಯ ಕಡೆ ಅಕ್ಷತೆಯಂತೆ ಅಕ್ಕಿಕಾಳು ಎರಚುತ್ತಿದ್ದಳು! ನಾವು ಜೋಳದ ಸೀಮೆಯವರು; ಅಕ್ಕಿ ನಮಗೆ ಹಬ್ಬದ ವಸ್ತು. ಅದರ ಮೇಲೆ ರೇಶನ್ನಿನ ಕಾಲ. ಆಮೆಯ ಲಗ್ನಕ್ಕೆ ನಮ್ಮ ಡಬ್ಬಿ ಬರಿದಾಗುತ್ತಿತ್ತು.

"ಬರದ ಚಿತ್ರಕ್ಕ ಅಕ್ಕಿಕಾಳ ಹಾಕತಾರೇನ? ಅತ್ಯಾಗ ನೀನರ ಹೇಳು," ಎಂದು ಹೆಂಡತಿ ಗಿರಿಜೆಯ ಮೇಲೆ ರೇಗಿದೆ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಖರೆ ಲಗ್ನದಾಗ ಹಾಕಾಕ ಯಾರು ಬಿಡತಾರ್ರಿ ಅವರಿಗೆ? ನಮ್ಮ ಲಗ್ನದಾಗ ಊರಿಗೆಲ್ಲಾ ಹುಗ್ಗಿ ಮಾಡಿ ಅಡಗಿಮನಿ ಬಾಗಲದಾಗ ನಿಂತಿದ್ರು. ಟೆಂಟಿನ್ಯಾಗ ಕತ್ತಲಿ ಐತಿ. ಹಿಂದ ಸರಿ ಅನ್ನವರಿಲ್ಲ."

ಎಲ್ಲದಕ್ಕೂ ಅಭಿಪ್ರಾಯವಿದ್ದ ನಾನು ತಟ್ಟೆ ಎಳೆದುಕೊಂಡೆ. ರೊಟ್ಟಿ ತಿಂದೆ.

ಟೆಂಟು ಮೂಡಲಗಿಗೆ ಹೊರಡುವ ಮುಂಚಿನ ಕೊನೆಯ ಆಟ. ಅತ್ತೆ, ಗಿರಿಜೆ ಹೆಂಗಸರ ಸಾಲಿನಲ್ಲಿ, ನಾನು ಅವರ ಹಿಂದೆ. ಹಕ್ಕಿಗಳು ಹಾಡಿದವು, ಅತ್ತೆ ಮುಷ್ಟಿ ಎತ್ತಿ ನಿಂತಳು. ಅಷ್ಟರಲ್ಲಿ ಫಿಲ್ಮು ಫಟ್ಟೆಂದು ಹರಿಯಿತು. ಯಾರೋ ಗ್ಯಾಸಬತ್ತಿ ತಂದರು. ಟೆಂಟಿಗೆ ಟೆಂಟೇ ಅತ್ತೆಯ ಎತ್ತಿದ ಕೈಯನ್ನು ನೋಡಿತು.

"ಅಯ್ಯ, ನೀಲವ್ವಾ! ನೀ ಅಕ್ಕಿಕಾಳ ಹಾಕೂದ?" ಎಂದಳು ಓಣಿಯ ಹಿರಿಯಳೊಬ್ಬಳು.

ಅತ್ತೆಯ ಕೈ ಮೆಲ್ಲಗೆ ಇಳಿಯಿತು. ಗಿರಿಜೆ ತಟ್ಟನೆ ಎದ್ದು, ನನ್ನ ತೋಳು ಹಿಡಿದು ಮುಂದಕ್ಕೆ ಎಳೆದಳು.

"ಬರ್ರಿ ಇಲ್ಲೆ, ತಲಿ ಬಗ್ಗಸ್ರಿ. ಅತ್ಯಾ, ಆ ಲಗ್ನ ನಿಂತ್ರ ನಿಲ್ಲಲಿ. ನಮ್ಮದು ಬಾಕಿ ಐತಿ, ಹಾಕ್ರಿ."

ನನ್ನ ವಿದ್ಯಾರ್ಥಿಗಳು ಬಾಯಿ ತೆರೆದು ನೋಡುತ್ತಿದ್ದರು. ಭೂಮಿ ಬಾಯ್ಬಿಡಬಾರದೇ ಎನಿಸಿತು. ಆದರೂ ಬಗ್ಗಿದೆ. ಅತ್ತೆ ಆ ಹಿರಿಯಳ ಕಡೆ ಒಮ್ಮೆ, ನಮ್ಮ ಕಡೆ ಒಮ್ಮೆ ನೋಡಿದಳು. ಆಮೇಲೆ ನಮ್ಮಿಬ್ಬರ ಮೇಲೂ ಅಕ್ಕಿ ಬಿತ್ತು. ಅವಳು ಬಿಕ್ಕುವುದು ಕೇಳಿ ನನಗೂ ಅಳು ಬಂತು. ಬಗ್ಗಿದ್ದರಿಂದ ಮಾನ ಉಳಿಯಿತು. ಹಿಂದಿನಿಂದ ಯಾರೋ ಸೀಟಿ ಹೊಡೆದರು. ಫಿಲ್ಮು ಕೂಡಿತು, ದೀಪ ಹೋಯಿತು, ಮುಳ್ಳುಹಂದಿಯ ಮದುವೆಯೂ ಆಯಿತು. ಅದರ ಪಾಲಿನ ಅಕ್ಕಿ ಮಾತ್ರ ನಮ್ಮ ಮೇಲೇ ಬಿದ್ದು ಮುಗಿದಿತ್ತು.

ಮರುದಿನ ಸಾಲೆಯಲ್ಲಿ ಹೆಡ್ಮಾಸ್ತರರು ಆ ಸಿನಿಮಾದ ಅಸಂಭವ ಕೊನೆಯ ವಿಷಯವಾಗಿ ಮಕ್ಕಳಿಗೆ ನಾಲ್ಕು ಮಾತು ಹೇಳಿರೆಂದು ನನ್ನನ್ನು ಕರೆಸಿದರು. ಗೌರವದಿಂದ ನಮಸ್ಕಾರ ಮಾಡಲು ಬಗ್ಗಿದೆ. ತಲೆಗೆ ಸುತ್ತಿದ್ದ ರುಮಾಲಿನ ಮಡಿಕೆಯಿಂದ ಅವರ ಮೇಜಿನ ಮೇಲೆ ಅಕ್ಕಿಕಾಳು ಉದುರಿದವು.

"ಯಾರ ಲಗ್ನಕ್ಕ ಹೋಗಿದ್ರಿ, ಮಾಸ್ತರ?"

"ನಂದಕ್ಕರಿ," ಎಂದೆ.