ಒಡಪಿನ ತುದಿಯ ಹೆಸರು

ವೆಂಕಣ್ಣನಿಗೆ ಒಂದು ಬುದ್ಧಿ ಹೊಳೆಯಿತು. ಗಂಡಸರಿಗೆ ಬುದ್ಧಿ ಹೊಳೆದಾಗ ಅದರ ದಂಡ ಹೆಂಗಸರು ತೆರುವುದು ಸವದತ್ತಿಯ ಕೋಟೆ ಓಣಿಗೆ ಹೊಸದಲ್ಲ. ಆದ್ದರಿಂದ ಅವನ ಹೆಂಡತಿ ಮಥುರಾಬಾಯಿ ಅಕ್ಕಿಯೊಳಗಿನ ಹರಳು ಆರಿಸುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು. ಬರುವ ಶುಕ್ರವಾರ ತಾಲೂಕಿನ ಅಧಿಕಾರಿ ಮಾಮಲೇದಾರರ ಬಿಡಾರದಲ್ಲಿ ಅರಿಷಿಣ-ಕುಂಕುಮ. ಪುಣೆ ಕಡೆಯಿಂದ ಹೊಸದಾಗಿ ಬಂದ ಅವರ ಹೆಂಡತಿ ಬಾಯಿಸಾಹೇಬರು ಕಚೇರಿಯವರ ಮನೆಯ ಮುತ್ತೈದೆಯರನ್ನೆಲ್ಲ ಕರೆದಿದ್ದಾರೆ. ಒಡಪು ಹೇಳುವ ಸರದಿ ಬಂದಾಗ ಮಥುರಾಬಾಯಿ ಮರಾಠಿಯಲ್ಲಿ ಹೇಳತಕ್ಕದ್ದು. ಇದೇ ಆ ಬುದ್ಧಿ.

ಗಂಡನ ಹೆಸರನ್ನು ಹೆಂಡತಿ ಸುಮ್ಮಸುಮ್ಮನೆ ಉಚ್ಚರಿಸಬಾರದು, ಉಚ್ಚರಿಸಿದರೆ ಅವನ ಆಯುಷ್ಯ ಸವೆಯುತ್ತದೆ ಎಂದು ಶಾಸ್ತ್ರ (ಯಾವ ಶಾಸ್ತ್ರವೆಂದು ಕೇಳುವ ಧೈರ್ಯ ಗಂಡಂದಿರಿಗಂತೂ ಇಲ್ಲ). ಆರತಿಯ ಹೊತ್ತಿಗೆ, ಹೊಸ್ತಿಲಲ್ಲಿ ಹೆಂಗಸರು ಅಡ್ಡಗಟ್ಟಿ ನಿಂತಾಗ, ಎರಡು ಸಾಲು ಕಟ್ಟಿ ತುದಿಗೆ ಆ ಹೆಸರನ್ನು ಪೋಣಿಸಿ ಹೇಳಿದರೆ ಮಾತ್ರ ದೋಷವಿಲ್ಲ. ಹೆಚ್ಚಿನವರು ಅತ್ತೆ ಕಲಿಸಿದ ಒಂದೇ ಒಡಪನ್ನು ಮುಪ್ಪಿನ ತನಕ ಓಡಿಸುತ್ತಾರೆ. ಮಥುರಾಬಾಯಿ ಹಾಗಲ್ಲ. ಸುರೇಬಾನದ ಪುರಾಣಿಕರ ಮಗಳು. ಅಕ್ಷರ ಬಾರದು, ಆದರೆ ಹೇಳಿದ ಒಡಪನ್ನು ಮತ್ತೆ ಹೇಳಿದವಳಲ್ಲ. ಹಿಂದಿನ ವರ್ಷ ಗೌರಿಯ ಆರತಿಯಲ್ಲಿ ಹೇಳಿದ್ದು ಹೀಗಿತ್ತು:

ಮಲಪ್ರಭಾ ಹೊಳ್ಯಾಗ ಮೀನಿಗೆ ಈಸು ಕಲಿಸಿದವರು ಯಾರು?
ಅಡಿಗಿಮನ್ಯಾಗ ನನಗ ಉಪ್ಪು ಕಲಿಸ್ಯಾರ ನಮ್ಮ ವೆಂಕಣ್ಣನವರು.

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಪಡಸಾಲೆಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ವೆಂಕಣ್ಣನೂ ನಕ್ಕ. ತನ್ನನ್ನು ಹೊಗಳಿದಳೆಂದು ಅವನ ತಿಳಿವಳಿಕೆ.

ಅವನ ಹೆಸರಿನದೇ ಒಂದು ಕಥೆ. ಮಾಮಲೇದಾರರ ಕಚೇರಿಯಲ್ಲಿ ಕಾರಕೂನನಾಗಿ ಅವನು ವೆಂಕಟರಾವ. ಕನ್ನಡ ಓಣಿಯಲ್ಲಿ ಹುಟ್ಟಿದ ವೆಂಕಣ್ಣ ಮರಾಠಿ ಕಚೇರಿಯ ಮೆಟ್ಟಿಲು ಹತ್ತುವಾಗ ಜೋಡು ಬಿಟ್ಟ ಜಾಗದಲ್ಲೇ ತನ್ನ ಹೆಸರನ್ನೂ ಬಿಟ್ಟಿದ್ದ. ಬರಬರುತ್ತ ಓಣಿಯವರೂ ರಾವಸಾಹೇಬ ಎನ್ನತೊಡಗಿದರು, ಅವನು ಬೇಡವೆನ್ನಲಿಲ್ಲ. ಬಾಯಿತುಂಬ ವೆಂಕಣ್ಣಾ ಎಂದು ಕರೆಯುತ್ತಿದ್ದ ತಾಯಿ ಪ್ಲೇಗಿನಲ್ಲಿ ಹೋಗಿಬಿಟ್ಟಳು. ಆಮೇಲೆ ಆ ಹೆಸರು ಉಳಿದದ್ದು ಒಂದೇ ಕಡೆ, ಹೆಂಡತಿಯ ಒಡಪಿನ ತುದಿಯಲ್ಲಿ. ಇದು ಅವನ ಗಮನಕ್ಕೆ ಬಂದಿರಲಿಲ್ಲ.

"ಕನ್ನಡದಾಗ ಹೇಳಿದ್ರ ಏನು ಕಡಿಮಿ ಆಗ್ತದ?" ಎಂದು ಮಥುರಾಬಾಯಿ ಕೇಳಿದಳು.

"ದೊಡ್ಡವರ ಮುಂದ ಹಳ್ಳಿ ಮಾತು ಶೋಭಸೂದಿಲ್ಲ. ನನ್ನ ಬಡ್ತಿ, ಮರ್ಯಾದಿ ಪ್ರಶ್ನಿ ಅದ."

"ಮರ್ಯಾದಿ ನಿಮ್ಮದು, ನಾಲಿಗಿ ನಂದ್ರಿ."

"ನಾಲಿಗಿ ನಿಂದಿರಲಿ. ಹೆಸರು ನಂದಲ್ಲೇನು?"

ಅವಳು ಒಂದು ಹರಳು ಆರಿಸಿ ಬದಿಗೆ ಎಸೆದಳು. ಹದಿನಾಲ್ಕು ವಿದ್ಯೆ ಬಲ್ಲ ಪಂಡಿತನನ್ನು ವಾದದಲ್ಲಿ ಕೆಡವಿದಷ್ಟು ಸಂತೋಷದಿಂದ ವೆಂಕಣ್ಣ ರುಮಾಲು ಸುತ್ತಿಕೊಂಡು ಕಚೇರಿಗೆ ಹೋದ.

ಗುರುವಾಗಿ ಸಿಕ್ಕವಳು ಮಗ್ಗುಲ ಮನೆಯ ರಾಧಾಬಾಯಿ. ಅವಳ ಗಂಡ ಕೃಷ್ಣಾಜಿ ಅದೇ ಕಚೇರಿಯ ಶಿರಸ್ತೇದಾರ, ಮಿರಜ ಕಡೆಯವನು. ರಾಧಾಬಾಯಿ ತನ್ನ ಮದುವೆಯಲ್ಲಿ ಹೇಳಿದ ಮರಾಠಿ ಒಡಪನ್ನೇ ಧಾರಾಳವಾಗಿ ಧಾರೆಯೆರೆದಳು. ಅದರಲ್ಲಿ ಯಾವುದೋ ಕೋಟೆ, ಯಾವುದೋ ಅಂಬಾರಿ, ತುದಿಗೆ ಕೃಷ್ಣಾಜಿ. ಕೃಷ್ಣಾಜಿಯನ್ನು ಇಳಿಸಿ ಅಲ್ಲಿ ವೆಂಕಟರಾವನನ್ನು ಕೂರಿಸಿದರೆ ಕೆಲಸ ಮುಗಿಯಿತು.

ತೊಡಕು ಬಂದದ್ದು ಅಲ್ಲೇ. ಬಾಯಿಪಾಠ ಮಾಡುವಾಗ ಆರತಿಯಿಲ್ಲ, ಹೊಸ್ತಿಲಿಲ್ಲ. ಕಾರಣವಿಲ್ಲದೆ ಗಂಡನ ಹೆಸರನ್ನು ಹೇಗೆ ಅನ್ನುವುದು? ಮಥುರಾಬಾಯಿ ಸುತರಾಂ ಒಪ್ಪಲಿಲ್ಲ. ನಿಮ್ಮ ಆಯುಷ್ಯಕ್ಕಿಂತ ಈ ಹಾಡು ಹೆಚ್ಚೇನು ಎಂದು ಕೇಳಿದಳು. ವೆಂಕಣ್ಣನಿಗೂ ಹೆಚ್ಚಲ್ಲವೆನಿಸಿತು. ಪರರ ಗಂಡನ ಹೆಸರಿಗೆ ದೋಷವಿಲ್ಲವಲ್ಲ, ಅಭ್ಯಾಸಕ್ಕೆ ಕೃಷ್ಣಾಜಿಯೇ ಇರಲಿ, ಶುಕ್ರವಾರ ಬದಲಿಸಿದರಾಯಿತೆಂದು ಅವನೇ ಅಪ್ಪಣೆ ಕೊಟ್ಟ. ದಿನಾ ಸಂಜೆ ಊಟದ ಗಂಗಾಳದ ಮುಂದೆ ಪರೀಕ್ಷಕನಾಗಿ ಕುಳಿತು ಅವಳ ಉಚ್ಚಾರ ತಿದ್ದಿದ. ಅವಳು ಅರ್ಥ ತಿಳಿಯದ ಸ್ತೋತ್ರದ ಹಾಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದಳು. ಹೇಳಿ ಹೇಳಿಸಿ ಅವನಿಗೂ ಅದು ಬಾಯಿಗೆ ಬಂದು, ಸ್ನಾನದ ಮನೆಯಲ್ಲಿ ಅಂಬಾರಿ, ಕಚೇರಿಯ ದಾರಿಯಲ್ಲಿ ಕೃಷ್ಣಾಜಿ ಎನ್ನುವಂತಾಯಿತು.

ಶುಕ್ರವಾರ ಮಥುರಾಬಾಯಿ ಇಳಕಲ್ಲ ಸೀರೆಯುಟ್ಟು ಹೋದಳು. ಸರದಿ ಬಂದಾಗ ಎದ್ದು ನಿಂತು, ಒಂದಕ್ಷರ ತಪ್ಪದೆ, ಪುಣೆಯವರೂ ಮೆಚ್ಚುವ ಉಚ್ಚಾರದಲ್ಲಿ ಹೇಳಿದಳು. ತುದಿಗೆ ಕೃಷ್ಣಾಜಿಯೇ ಬಂದ. ಕೂಡಿದವರು ಮುಖ ಮುಖ ನೋಡಿಕೊಂಡು ನಕ್ಕರು. ಬಾಯಿಸಾಹೇಬರು ಮರಾಠಿಯಲ್ಲಿ ಏನೋ ಕೇಳಿದರು. ಮಥುರಾಬಾಯಿಗೆ ತಿಳಿಯಲಿಲ್ಲ. ಒಡಪಿಗೆ ಹೆಂಗಸರು ನಗುವುದು ಅವಳಿಗೆ ರೂಢಿ, ಮೆಚ್ಚಿದರೆಂದು ತಾನೂ ನಕ್ಕಳು. ಅವಳು ನಕ್ಕದ್ದಕ್ಕೆ ಉಳಿದವರು ಇನ್ನಷ್ಟು ನಕ್ಕರು. ತಿರುಗಿ ಬರುವ ದಾರಿಯಲ್ಲಿ ರಾಧಾಬಾಯಿ ನಡೆದದ್ದನ್ನು ಬಿಡಿಸಿ ಹೇಳಿದಳು.

ಮರುದಿನ ಕಚೇರಿಯಲ್ಲಿ ಎಲ್ಲರೂ ಕೃಷ್ಣಾಜಿಗೆ ಎರಡನೇ ಮದುವೆಯ ಪೇಢೆ ಕೇಳಿದರು. ವೆಂಕಣ್ಣ ಮನೆಗೆ ಬಂದು ಮಾಡು ಹಾರಿಹೋಗುವಂತೆ ಕೂಗಾಡಿದ. ಅವನ ಗಂಟಲು ಬತ್ತಿದ ಮೇಲೆ ಮಥುರಾಬಾಯಿ ಒಂದೇ ಮಾತಾಡಿದಳು.

"ಆ ಮಾತಿನಾಗ ನಿಮ್ಮನ್ನ ಹುಡುಕಿದೆರಿ. ಸಿಗಲಿಲ್ಲ."

ಆಮೇಲೆ ಅವಳು ಒಡಪು ಹೇಳಲಿಲ್ಲ. ಗೌರಿ ಬಂದಳು, ಹೋದಳು. ನನಗ ಬರೂದಿಲ್ಲ, ಬ್ಯಾರೇದವರ ಕಡೆ ಹೇಳಸ್ರಿ ಎಂದು ಆರತಿಯ ತಟ್ಟೆಯನ್ನು ಪಕ್ಕದವರಿಗೆ ದಾಟಿಸುತ್ತಿದ್ದಳು. ಮೊದಮೊದಲು ವೆಂಕಣ್ಣನಿಗೆ ಪೀಡೆ ತೊಲಗಿದಂತಾಯಿತು. ಆದರೆ ಯಾರ ಮನೆಯ ಆರತಿಯಾದರೂ ಪಡಸಾಲೆಯಲ್ಲಿ ಕುಳಿತು ಅವನ ಕಿವಿ ಒಳಗಡೆಗೆ ತಿರುಗುತ್ತಿತ್ತು. ಹಣಮಂತಪ್ಪ, ಲಗಮಪ್ಪ, ಊರ ಗಂಡಂದಿರೆಲ್ಲರ ಹೆಸರು ಗೋಡೆ ದಾಟಿ ಬರುತ್ತಿದ್ದವು, ಅವನದೊಂದು ಬರುತ್ತಿರಲಿಲ್ಲ. ತನ್ನನ್ನು ವೆಂಕಣ್ಣ ಎನ್ನುವವರು ಈ ಭೂಮಿಯ ಮೇಲೆ ಯಾರೂ ಉಳಿದಿಲ್ಲವೆಂದು ಒಂದು ದಿನ ಅವನಿಗೆ ಹೊಳೆಯಿತು. ಆವತ್ತು ಊಟ ಸೇರಲಿಲ್ಲ.

ಅವನು ಉಪಾಯಗಳಿಗೆ ಇಳಿದ. ಸಾರಿಗೆ ಉಪ್ಪು ಕಡಿಮೆಯಾಗಿದೆಯೆಂದು ಕೆಣಕಿದ. ಅವಳು ಚಿಟಿಕೆ ಉಪ್ಪು ಹಾಕಿದಳು. ಹೆಚ್ಚಾಗಿದೆಯೆಂದ, ನೀರು ಹೊಯ್ದಳು. ಜಗಳವಾಡುವ ಹೆಂಡತಿಯ ಜೊತೆ ಹೇಗೋ ಬಾಳಬಹುದು, ಎಲ್ಲದಕ್ಕೂ ಹ್ಞೂಂ ಅನ್ನುವವಳ ಜೊತೆ ಬಾಳಿದವರಿಗೇ ಅದರ ದುಃಖ ಗೊತ್ತು. ಯಾವ ಮರಾಠಿ ಅವನ ಬಡ್ತಿಗೆಂದು ಮನೆಯೊಳಗೆ ಬಂದಿತ್ತೋ ಆ ಬಡ್ತಿಯೂ ಬರಲಿಲ್ಲ.

ವರ್ಷಗಳು ಕಳೆದು ಮಗಳ ಮದುವೆ ಬಂತು. ಬೀಗರು ರಾಮದುರ್ಗದವರು. ಅಕ್ಷತೆ ಮುಗಿದು ಹೆಣ್ಣಿನ ತಂದೆ-ತಾಯಿ ಒಳಗೆ ಹೋಗುವಾಗ ಬೀಗಿತ್ತಿ ಬಾಗಿಲಿಗೆ ಅಡ್ಡ ಕೈಹಾಕಿ ನಿಂತಳು. ಸುರೇಬಾನದ ಮಥುರಾಬಾಯಿಯ ಒಡಪು ಕೇಳದೆ ಬಿಡುವವಳಲ್ಲವೆಂದಳು. ಆ ಕೀರ್ತಿ ಅಲ್ಲಿಯ ತನಕ ಹೋಗಿತ್ತು. ನಿಂತುಹೋದ ಸುದ್ದಿ ಮಾತ್ರ ಮುಟ್ಟಿರಲಿಲ್ಲ. ಮಥುರಾಬಾಯಿ ತನಗೆ ಬರುವುದಿಲ್ಲವೆಂದಳು. ಹಾಗಾದರೆ ಹೆಣ್ಣಿನ ತಂದೆಯೇ ಹೇಳಲಿ ಎಂದು ಹೆಂಗಸರು ಹಟ ಹಿಡಿದರು.

ವೆಂಕಣ್ಣನ ಎದೆ ಹಿಗ್ಗಿತು. ಅವಳದೇ ಒಂದನ್ನು ಹೇಳಿಬಿಡುವುದು. ಕೇಳಿದೊಡನೆ ಅವಳ ಬಾಯಿಗೂ ಎಲ್ಲ ಬಂದೇ ಬರುತ್ತವೆ. ಗಂಟಲು ಸರಿಪಡಿಸಿಕೊಂಡ. ಒಂದು ಹೊಳೆ ಇತ್ತು. ಹೊಳೆಯಲ್ಲಿ ಏನೋ ಇತ್ತು. ಏನಿತ್ತು? ಜನ ಕಾಯುತ್ತಿದ್ದರು, ಬಾಯಿ ತೆರೆದಿತ್ತು, ತೆರೆದ ಬಾಯಿಂದ ಕೋಟೆ ಬಂತು, ಅಂಬಾರಿ ಬಂತು. ಒಂದಕ್ಷರ ತಪ್ಪದೆ, ಪುಣೆಯವರೂ ಮೆಚ್ಚುವ ಉಚ್ಚಾರದಲ್ಲಿ ಬಂದು, ತುದಿಗೆ ಕೃಷ್ಣಾಜಿಯೂ ಬಂದ.

ಚಪ್ಪರ ಅಲುಗುವ ಹಾಗೆ ನಕ್ಕರು. ಊಟದ ಪಂಕ್ತಿಯಲ್ಲಿದ್ದ ಕೃಷ್ಣಾಜಿ ಯಾರೋ ತನ್ನನ್ನು ಕರೆದರೆಂದು ಎದ್ದು ಬಂದ. ಮಥುರಾಬಾಯಿ ಕೂಡ ನಕ್ಕಳು. ನಗುತ್ತ ನಗುತ್ತ ಸೆರಗು ಕಣ್ಣಿಗೆ ಹೋಯಿತು, ಅಲ್ಲಿಂದ ಬಹಳ ಹೊತ್ತು ಇಳಿಯಲಿಲ್ಲ.

ಹೆಣ್ಣನ್ನು ಕಳಿಸಿಕೊಟ್ಟ ಮೇಲೆ ಮನೆ ಬಣಬಣ ಎನ್ನುತ್ತಿತ್ತು. ಉಳಿದ ಅಕ್ಕಿಯನ್ನು ಮೊರದಲ್ಲಿ ಹಾಕಿಕೊಂಡು ಮಥುರಾಬಾಯಿ ಹರಳು ಆರಿಸಲು ಕುಳಿತಳು. ವೆಂಕಣ್ಣ ಅವಳೆದುರು ಬಂದು ಕುಳಿತ.

"ಹೊಳಿ ಒಂದಿತ್ತಲ್ಲ, ಆ ಒಡಪು ಹೇಳ. ಹೊಳ್ಯಾಗ ಏನಿತ್ತು?"

"ತುದಿಗೆ ಏನಿತ್ತು?" ಎಂದು ಅವಳು ಕೇಳಿದಳು.

"ವೆಂಕಣ್ಣ," ಎಂದ ಅವನು ಮೆಲ್ಲಗೆ. "ಅದೊಂದ ನೆನಪದ."

ಅವಳು ತಲೆ ಎತ್ತಿ ಅವನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಚೆನ್ನಾಗಿತ್ತು.

"ನನಗೂ ನೆನಪಿಲ್ರಿ. ಕಟ್ಟಿದಾಕಿಗೆ ಯಾಕ ನೆನಪಿರ್ತದ? ನೀವು ಕೇಳಿ ಇಟಗೊಂಡಿದ್ದೀರಿ ಅಂತ ತಿಳಕೊಂಡಿದ್ದೆ."

ಮತ್ತೆ ಅಕ್ಕಿಗೆ ಬಗ್ಗಿದಳು. ವೆಂಕಣ್ಣ ಕಟ್ಟೆಗೆ ಬಂದು ಕುಳಿತು ತನ್ನ ಹೆಸರನ್ನು ತಾನೇ ಒಮ್ಮೆ ಅಂದುಕೊಂಡ. ಬೆನ್ನಿಗೆ ಒಡಪಿನ ಎರಡು ಸಾಲಿಲ್ಲದೆ ಅದು ಬಹಳ ಸಣ್ಣದಾಗಿ ಕೇಳಿಸಿತು.