ಅರ್ಧ ಮಾತ್ರ ದರ್ಶನ ಕೊಡುವ ಡ್ರೈವ್ ಮಹಾಶಯರಿಗೆ

ಮಾನ್ಯರೇ,

ನಮ್ಮ ಮೇಜಿನ ಮೇಲೆ, ಟೀವಿ ರಿಮೋಟಿಗಿಂತ ಒಂದು ಕೈ ಮೇಲಿನ ಸ್ಥಾನದಲ್ಲಿ ವಿರಾಜಮಾನರಾಗಿ ಕಂಪ್ಯೂಟರಿನ ಫೈಲುಗಳನ್ನು ಕಾಪಿಡುವ ಹೈಬ್ರಿಡ್ ಡ್ರೈವ್ ಆದ ತಮಗೆ, ಇಡೀ ಕುಟುಂಬದ ಪರವಾಗಿ ಕಿರಿಮಗಳ ನಮಸ್ಕಾರಗಳು. ತಾವು ಕ್ಷೇಮವೆಂದು ಮಿಣುಕುವ ದೀಪ ನೋಡಿ ತಿಳಿದುಕೊಂಡೆವು.

ತಮ್ಮ ಒಡಲಲ್ಲಿ ವೇಗದ ಚಿಪ್ ಒಂದು, ನಿಧಾನಕ್ಕೆ ತಿರುಗುವ ತಟ್ಟೆಯೊಂದು ಇದ್ದು, ಎರಡೂ ಯಾವ ಕಂಪ್ಯೂಟರಿಗಾದರೂ ಹೊಂದುತ್ತವೆಂದು ಡಬ್ಬಿಯ ಮೇಲೆ ಬರೆದದ್ದನ್ನು ನಂಬಿ, ಗಂಟಲಿನ ಆಪರೇಷನ್ನಿಗೆ ಮುಂಚೆ ಅಪ್ಪನ ಮಾತುಗಳನ್ನೆಲ್ಲ ರೆಕಾರ್ಡ್ ಮಾಡಿ ತಮ್ಮಲ್ಲಿ ತುಂಬಿಸಿದೆವು. ಅಪ್ಪ ನಿವೃತ್ತ ಡ್ರಿಲ್ ಮೇಷ್ಟ್ರು; ದನಿ ಹೋದಮೇಲೆ ಗುಂಡಿ ಒತ್ತಿ ಅವರದೇ ದನಿಯಲ್ಲಿ ಮಾತಾಡಲೆಂದು ಈ ಏರ್ಪಾಡು. ದಿನಾ ಬೇಕಾಗುವ ಮಾತು ವೇಗದ ಭಾಗಕ್ಕೆ, ಅಪರೂಪದ್ದು ನಿಧಾನದ ಭಾಗಕ್ಕೆ ಎಂದು ವಿಂಗಡಿಸಿದವರು ನಮ್ಮ ಭಾವ. ಹಾಗಾಗಿ ಬೈಗುಳವೆಲ್ಲ ವೇಗದ ಭಾಗ ಸೇರಿತು.

ಭಾವನ ಕಂಪ್ಯೂಟರಿನಲ್ಲಿ ತಾವು ಪೂರ್ಣಾವತಾರ ತೋರಿದಿರಿ. ಅದು ಕೆಟ್ಟು ರಿಪೇರಿಗೆ ಹೋಯಿತು. ಆಸ್ಪತ್ರೆಯವರು ಅಪ್ಪನಿಗೆ ಕೊಟ್ಟ ಲ್ಯಾಪ್‌ಟಾಪಿನದು ಬೇರೆ ಆಪರೇಟಿಂಗ್ ಸಿಸ್ಟಮ್. ಅದರೆದುರು ತಾವು ವೇಗದ ಭಾಗವನ್ನಷ್ಟೇ ತೋರಿಸಿ, ಉಳಿದದ್ದು ಹುಟ್ಟಿಯೇ ಇಲ್ಲವೆಂಬಂತೆ ಗಪ್‌ಚಿಪ್ಪಾಗಿಬಿಟ್ಟಿರಿ. ಗಾಯ ನೋಡಲು ಬಂದ ಡಾಕ್ಟರಿಗೆ ಥ್ಯಾಂಕ್ಸ್ ಹೇಳಹೊರಟ ಅಪ್ಪ, ಇದ್ದುದರಲ್ಲೇ ಮೃದುವಾದದ್ದನ್ನು ಹುಡುಕಿ ಗುಂಡಿ ಒತ್ತಿ, "ಬೆನ್ನು ನೆಟ್ಟಗೆ ಮಾಡೋ, ಕತ್ತೆ" ಎಂದರು. ಡಾಕ್ಟರು ನೆಟ್ಟಗಾದರು.

ಅಮ್ಮನ ಸಂಗತಿ ಮಾತ್ರ ತಮಾಷೆಯಲ್ಲ. ನಿಧಾನದ ಭಾಗದಲ್ಲಿ 'ಅವಳಿಗೆ' ಎಂಬ ಫೈಲೊಂದಿದೆ; ನಮ್ಮನ್ನೆಲ್ಲ ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡು ಅಪ್ಪ ರೆಕಾರ್ಡ್ ಮಾಡಿದ್ದು. ಆ ದನಿ ಇನ್ನು ಹುಟ್ಟುವುದಿಲ್ಲ; ಹೋದರೆ ಹೋಯಿತು. ಅಮ್ಮ ದಿನಾ ತಮ್ಮ ಧೂಳು ಒರೆಸಿ ಪಕ್ಕದಲ್ಲೇ ಕೂರುತ್ತಾಳೆ. ಲ್ಯಾಪ್‌ಟಾಪು ಮಾತ್ರ, ಈ ಡ್ರೈವನ್ನು ಪೂರ್ತಿ ಅಳಿಸಿ ಹೊಸದಾಗಿ ಸಿದ್ಧಪಡಿಸಲೇ ಎಂದು ಅವಳನ್ನು ಬಹು ವಿನಯದಿಂದ ಕೇಳುತ್ತಲೇ ಇರುತ್ತದೆ.

ಆದ್ದರಿಂದ ತಾವು ಎರಡೂ ಸಿಸ್ಟಮ್ಮುಗಳನ್ನು ಎದುರುಬದುರು ಕೂರಿಸಿ ರಾಜಿ ಮಾಡಿಸಬೇಕೆಂದೂ, ಆಗದಿದ್ದರೆ ಬೈಗುಳಗಳಾದರೂ ಸ್ವಲ್ಪ ತಡವರಿಸಿ ಬರುವಂತೆ ನೋಡಿಕೊಳ್ಳಬೇಕೆಂದೂ, ಅದೂ ಆಗದಿದ್ದರೆ ಖುದ್ದು ನಡೆದು ಹೋಗಿ ಡಾಕ್ಟರ ಕ್ಷಮೆ ಕೇಳಬೇಕೆಂದೂ ಬಿನ್ನಹ.

ತಮ್ಮ ವಿಶ್ವಾಸಿ,
ಡ್ರಿಲ್ ಮೇಷ್ಟ್ರ ಕಿರಿಮಗಳು

ತಾ.ಕ.: ಇಷ್ಟು ಬರೆಯುವಷ್ಟರಲ್ಲಿ ಭಾವನ ಕಂಪ್ಯೂಟರು ರಿಪೇರಿಯಾಗಿ ಬಂತು, ಫೈಲು ತೆರೆಯಿತು. ಬಹಳ ಹೊತ್ತು ಬರೀ ಕೆಮ್ಮು, ಕುರ್ಚಿ ಸರಿಸಿದ ಸದ್ದು. ಕೊನೆಗೆ ಅಪ್ಪನ ದನಿ: "ನಿಂದು ಊಟ ಆಯ್ತೇನೆ?" ಅಪ್ಪ ಹೀಗೆ ಕೇಳಿದ್ದು ಮದುವೆಯಾದಾಗಿನಿಂದ ಇದೇ ಮೊದಲ ಸಲವಂತೆ. ಅಮ್ಮ ಕಂಪ್ಯೂಟರಿನ ಕಡೆ ನೋಡಲಿಲ್ಲ. ಅಪ್ಪನ ಕಡೆ ತಿರುಗಿ, "ಇನ್ನೂ ಇಲ್ಲ" ಅಂದಳು. ಬಚ್ಚಿಡುವ ವಿದ್ಯೆಯಲ್ಲಿ, ಮಾನ್ಯರೇ, ತಾವು ನಮ್ಮ ಅಪ್ಪನ ಕಾಲಿನ ಧೂಳಿಗೂ ಸಮವಲ್ಲ.