ಸಮುದ್ರದ ಮೇಲಿದ್ದ ಹೆಂಡತಿ

ಭೂಮಿ ಅಳೆಯುವ ಸರ್ವೇಯರಿಗೆ ವಿಮಾನ ಓಡಿಸುವ ಹೆಂಡತಿ ಸಿಕ್ಕ ಮೇಲೆ ಆಕಾಶವೂ ತಮ್ಮ ಸುಪರ್ದಿಗೇ ಬಂತೆಂಬ ಹಮ್ಮು. ಯಾವ ನಿಲ್ದಾಣದಿಂದ ಯಾವುದಕ್ಕೆ ಎಷ್ಟು ದೂರ, ಹಾರಲು ಎಷ್ಟು ಹೊತ್ತು, ಎಲ್ಲ ನಾಲಿಗೆಯ ತುದಿಯಲ್ಲಿ. ಯಾರೂ ಕೇಳದಿದ್ದರೂ ಹೇಳುವರು!

ಮರುದಿನ ಹೆಂಡತಿಗೆ ಕ್ಯಾಪ್ಟನ್ ಹುದ್ದೆಯ ಪರೀಕ್ಷೆ. ಸರ್ವೇಯರು ಅರ್ಧ ದಿನ ರಜೆ ಹಾಕಿ ಮಧ್ಯಾಹ್ನವೇ ಮನೆಗೆ ಬಂದರು. ಅವಳು ಸಂಜೆ ಬರುವಷ್ಟರಲ್ಲಿ ಬುಟ್ಟಿಯಲ್ಲಿರುವ ಅವಳ ಸಮವಸ್ತ್ರದ ಬಿಳಿ ಶರ್ಟುಗಳನ್ನೆಲ್ಲ ಒಗೆದು, ಇಸ್ತ್ರಿ ಮಾಡಿ, ಭೇಷ್ ಅನ್ನಿಸಿಕೊಳ್ಳಬೇಕೆಂಬ ಘನ ನಿರ್ಧಾರ ಅವರದು. ಮನೆಯಲ್ಲಿದ್ದ ಅತ್ತೆ ತಮ್ಮ ಮಗಳ ವಿಷಯ ಏನೋ ಹೇಳಲು ಬಾಯಿ ತೆರೆದರು.

"ವಿಮಾನದ ವಿಚಾರ ನನಗೆ ಬಿಡಿ ಅತ್ತೆ," ಎಂದು ಅಳಿಯ ಮೊಬೈಲ್ ಮುಂದೆ ಚಾಚಿದರು. ಪರದೆಯಲ್ಲಿ ಹೆಂಡತಿಯ ವಿಮಾನ ಸಮುದ್ರದ ಮೇಲೆ ತೆವಳುತ್ತಿತ್ತು. "ಇಲ್ಲಿಗೆ ಒಟ್ಟು ಸಾವಿರದ ಆರುನೂರು ಕಿಲೋಮೀಟರ್, ಎರಡೂವರೆ ಗಂಟೆ ಹಾರಾಟ. ಇನ್ನೂ ಅರ್ಧ ದಾರೀನೂ ಬಂದಿಲ್ಲ."

ಅತ್ತೆ ತೆಪ್ಪಗೆ ಪತ್ರಿಕೆ ಬಿಡಿಸಿ ಕೂತರು.

ಬಟ್ಟೆ ಒಗೆಯುವ ಮಷಿನ್ನಿನೊಳಗೆ ಹೊಸ ಕೆಂಪು ಟವೆಲ್ಲೊಂದು ಮೊದಲೇ ಬಿದ್ದಿತ್ತು. ಗಡಿಕಲ್ಲು ಒಂದಿಂಚು ಸರಿದರೂ ಹಿಡಿಯುವ ಮಹಾಶಯರಿಗೆ ಅದು ಕಾಣಲಿಲ್ಲ. ಒಗೆತ ಮುಗಿದು ಮುಚ್ಚಳ ತೆಗೆದರೆ ಅಷ್ಟೂ ಶರ್ಟು ಗುಲಾಬಿ! ಬಿಸಿನೀರಲ್ಲಿ ಅದ್ದಿದರು, ಬಣ್ಣ ಜಗ್ಗಲಿಲ್ಲ. ಬ್ಲೀಚ್ ಸುರಿದರು, ಗುಲಾಬಿಯ ಮೇಲೆ ಹಳದಿ ಪಟ್ಟೆ ಎದ್ದವು. ಸಿಟ್ಟಿಗೆ ಸೋಪಿನ ಪುಡಿಯ ಪೊಟ್ಟಣವನ್ನೇ ಬೋರಲು ಹಾಕಿದರು. ನೊರೆ ಬಚ್ಚಲು ದಾಟಿ ನಡುಮನೆಗೆ ಕಾಲಿಟ್ಟಿತು. ಪ್ರತಿ ಸೋಲಿನ ನಂತರವೂ ಮೊಬೈಲ್ ನೋಡಿ ಧೈರ್ಯ ತಂದುಕೊಂಡರು.

"ಗಾಬರಿಯಾಗಬೇಡಿ ಅತ್ತೆ," ಎಂದು ಆರಾಮಾಗಿ ಕೂತಿದ್ದ ಅತ್ತೆಗೆ ಸಮಾಧಾನ ಹೇಳಿದರು. "ಅವಳಿನ್ನೂ ಸಮುದ್ರದ ಮೇಲಿದ್ದಾಳೆ."

"ಯಾರು?" ಎಂದು ಬೆನ್ನ ಹಿಂದಿನಿಂದ ಕೇಳಿಸಿತು.

ಮಲಗುವ ಕೋಣೆಯ ಬಾಗಿಲಲ್ಲಿ ಹೆಂಡತಿ ಕಣ್ಣುಜ್ಜುತ್ತಾ ನಿಂತಿದ್ದಳು. ಸರ್ವೇಯರು ಅವಳನ್ನು ನೋಡಿದರು, ಮೊಬೈಲ್ ನೋಡಿದರು, ಮತ್ತೆ ಅವಳನ್ನು ನೋಡಿದರು. ಮೊಬೈಲನ್ನೇ ನಂಬೋಣ ಅನ್ನಿಸಿತು.

ನಾಳೆ ಪರೀಕ್ಷೆಯಿದೆಯೆಂದು ಜೊತೆಯ ಪೈಲಟ್ ಗೆಳತಿ ಅವಳ ಬದಲು ಹೊರಟಿದ್ದಳಂತೆ. ಇವಳು ನಿಲ್ದಾಣದಿಂದಲೇ ವಾಪಸು ಬಂದು ಮಲಗಿದ್ದಳಂತೆ. ಅತ್ತೆ ಹೇಳಹೊರಟದ್ದು ಅದನ್ನೇ. ಅವಳು ಬಂದು ಬುಟ್ಟಿಗೆ ಬಿಚ್ಚಿಹಾಕಿದ್ದ ಶರ್ಟನ್ನೂ ಇವರೇ ಕೈಯಾರೆ ಮಷಿನ್ನಿಗೆ ತುರುಕಿದ್ದರು!

ಅವಳು ಒಂದು ಶರ್ಟನ್ನು ಎತ್ತಿ ಹಿಡಿದಳು. ಅವಳ ಮುಖ ಬಾಡಿತು.

"ಇದನ್ನ ಹಾಕ್ಕೊಂಡು ಹೋದ್ರೆ ನಾಳೆ ನನ್ನನ್ನ ವಿಮಾನದ ಹತ್ರಾನೂ ಸೇರಿಸಲ್ಲ ರೀ."

ಸರ್ವೇಯರಿಗೆ ಅಳುವೇ ಬಂತು. ಅದನ್ನು ಕಂಡು ಅವಳಿಗೆ ನಗು ಬಂತು. ಗೆಳತಿಯ ಬ್ಯಾಗಿನಲ್ಲಿ ತನ್ನದೇ ಅಳತೆಯ ಇನ್ನೊಂದು ಬಿಳಿ ಶರ್ಟು ಇರುತ್ತದೆ, ಅವಳು ಇಲ್ಲಿ ಇಳಿದು ಮತ್ತೆ ಹಾರುವುದರೊಳಗೆ ನಿಲ್ದಾಣಕ್ಕೆ ಹೋಗಿ ಇಸಿದುಕೊಂಡು ಬನ್ನಿ ಎಂದಳು.

ಅತ್ತೆ ಪತ್ರಿಕೆಯಿಂದ ತಲೆಯೆತ್ತಿದರು. "ಆ ವಿಮಾನ ಎಷ್ಟು ಹೊತ್ತಿಗೆ ಇಳಿಯುತ್ತೆ ಅಳಿಯಂದಿರೇ?"

ಸರ್ವೇಯರು ಮೊಬೈಲನ್ನು ಮೆಲ್ಲಗೆ ಹೆಂಡತಿಯ ಕೈಗಿಟ್ಟು ಚಪ್ಪಲಿ ಮೆಟ್ಟಿದರು.

"ವಿಮಾನದ ವಿಚಾರ ನಿಮ್ಮ ಮಗಳನ್ನೇ ಕೇಳಿ ಅತ್ತೆ."